ಶಾಲಾ ಶಿಕ್ಷಣದಲ್ಲಿ ಗಣಕಯಂತ್ರ: ಕೆಲವು ವಿಚಾರಗಳು

(ಹೊರನಾಡ ಕನ್ನಡ ಪಾಲಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಶಾಲೆಗಳಲ್ಲಿ ತಂತ್ರಜ್ಞಾನದ ಬಳಕೆ, ವಿಶೇಷವಾಗಿ ಗಣಕಯಂತ್ರದ ಮೂಲಕ ಬೋಧನೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ತಾವು ನನ್ನನ್ನು ಕೇಳಿಕೊಂಡಿದ್ದೀರಿ. ನಾನು ಶಿಕ್ಷಣತಜ್ಞನಲ್ಲ, ಯಂತ್ರಗಳನ್ನು ಬಲ್ಲವನೂ ಅಲ್ಲ. ಕನ್ನಡದಲ್ಲಿ ಎಂ.ಎ. ಪದವಿ ಪಡೆದು, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಇಂಗ್ಲಿಷ್ ಮತ್ತು ಹಿಂದಿಯ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಮಾಡುವವನು. ಆದರೂ ಈ ಆಹ್ವಾನವನ್ನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಪುಣೆಯಲ್ಲಿರುವ ನನ್ನ ತಂಗಿ ಕೆಲವು ವರ್ಷಗಳ ಹಿಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು: "ಅಣ್ಣಾ, ಆ ಇಂಗ್ಲಿಷ್ ಶಾಲೆಯಲ್ಲಿ ಪ್ರತಿ ತರಗತಿಗೂ ಸ್ಮಾರ್ಟ್ ಬೋರ್ಡ್ ಇದೆ, ಮೂವತ್ತು ಕಂಪ್ಯೂಟರುಗಳಿವೆ. ಕನ್ನಡ ಶಾಲೆಯಲ್ಲಿ ಏನಿದೆ?" ಆ ದಿನ ನನಗೆ ಉತ್ತರ ತೋಚಲಿಲ್ಲ. ಆಕೆ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದಳು. ಅವಳನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ಪ್ರಶ್ನೆಗೆ ವಿಚಾರಮಾಡಿದ ಉತ್ತರವೊಂದನ್ನು ಕೊಡಬೇಕಾಗಿತ್ತು ಎಂಬ ಕೊರಗು ಉಳಿದಿದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ಎಷ್ಟೋ ಕನ್ನಡ ಮನೆಗಳಲ್ಲಿ ಪ್ರತಿ ವರ್ಷ ಜೂನ್ ತಿಂಗಳಿಗೆ ಮುಂಚೆ ಇದೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಇಂದಿನ ನನ್ನ ಮಾತನ್ನು ನನ್ನ ತಂಗಿಗೆ ತಡವಾಗಿ ಕೊಟ್ಟ ಉತ್ತರವೆಂದೇ ತಾವು ಭಾವಿಸಬಹುದು.

ಮೊದಲು ಒಂದು ನೆನಪು. 1990ರ ದಶಕದ ಆರಂಭದಲ್ಲಿ ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಐದನೆಯ ತರಗತಿಯಲ್ಲಿದ್ದೆ. ನಮ್ಮ ಶಾಲೆಗೆ ಸರ್ಕಾರದಿಂದ ಬಣ್ಣದ ದೂರದರ್ಶನ ಯಂತ್ರವೊಂದು ಬಂದಿತು. ಅದಕ್ಕೆಂದೇ ಬಡಗಿಯಿಂದ ಒಂದು ಮರದ ಪೆಟ್ಟಿಗೆ ಮಾಡಿಸಿ, ಬೀಗ ಹಾಕಿದರು. ಜನವರಿ 26ರಂದು ಆ ಬೀಗ ತೆರೆಯುತ್ತಿತ್ತು. ಉಳಿದ ದಿನಗಳಲ್ಲಿ ಪೆಟ್ಟಿಗೆಯ ಮೇಲೆ ಹಾಜರಿ ಪುಸ್ತಕಗಳನ್ನು ಇಡುತ್ತಿದ್ದರು. ಯಂತ್ರ ಕೆಟ್ಟರೆ ಅದರ ಬೆಲೆ ತಮ್ಮ ಸಂಬಳದಿಂದ ಕಡಿತವಾದೀತೆಂದು ಮುಖ್ಯೋಪಾಧ್ಯಾಯರಿಗೆ ಭಯ. ನಮ್ಮ ಹಿರಿಯ ಮಾಸ್ತರರೊಬ್ಬರು ಒಮ್ಮೆ ಆ ಪೆಟ್ಟಿಗೆಯನ್ನು ನೋಡುತ್ತ ಹೀಗೆಂದರು: "ಹಿಂದಕ ನಮ್ಮ ಕಡೆ ಟೀವಿ ಬಂದಾಗ, ಕೆಟ್ಟರ ರಿಪೇರಿ ಮಾಡಾವ್ರು ಬರ್ತಿದ್ರು. ಈಗ ಕೆಡಬಾರದು ಅಂತ ನಾವ ಕೀಲಿ ಹಾಕೇವಿ."

ಮಾಸ್ತರರು ನೆನೆಸಿಕೊಂಡದ್ದು 'ಸೈಟ್' ಎಂದು ಹೆಸರಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ ಕಾಲ, ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಈ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದರಲ್ಲಿ ಸೇರಿದ್ದವು. ಕರ್ನಾಟಕದ ಪಾಲಿಗೆ ಬಂದದ್ದು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹತ್ತಡಿ ಅಗಲದ ಆಂಟೆನಾಗಳನ್ನು ರಚಿಸಿ ಶಾಲೆಗಳ ಬಳಿ ನಿಲ್ಲಿಸಿದ್ದರು. ಬೆಳಗಿನ ಹೊತ್ತು ಒಂದೂವರೆ ಗಂಟೆಯ ಕಾಲ ಶಾಲಾ ಮಕ್ಕಳಿಗಾಗಿ ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡದಲ್ಲಿ ಕಾರ್ಯಕ್ರಮಗಳಿರುತ್ತಿದ್ದವು. ಒಂದೊಂದು ಭಾಷೆಗೆ ದೊರೆಯುತ್ತಿದ್ದುದು ಇಪ್ಪತ್ತೆರಡೂವರೆ ನಿಮಿಷ. ಆ ಸ್ವಲ್ಪ ಕಾಲದಲ್ಲಿಯೂ ಬಯಲುಸೀಮೆಯ ಮಕ್ಕಳು ತಮ್ಮ ಭಾಷೆಯಲ್ಲಿಯೇ ವಿಜ್ಞಾನದ ಪಾಠ ನೋಡಿದರು.

ಈ ಪ್ರಯೋಗದಲ್ಲಿ ನಾನು ಮುಖ್ಯವೆಂದು ಎಣಿಸುವ ಅಂಶ ಬೇರೆಯೇ ಇದೆ. ರಜೆಯ ದಿನಗಳಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿ ನೀಡಲಾಯಿತು. ದೂರದರ್ಶನದ ಪಾಠ, ಆಕಾಶವಾಣಿಯ ಪಾಠ, ಅಚ್ಚಾದ ಕೈಪಿಡಿ, ಎದುರಿಗೆ ಮಾರ್ಗದರ್ಶಕ, ಇವು ನಾಲ್ಕೂ ಒಟ್ಟಿಗೆ ನಡೆದವು. ಯಂತ್ರಗಳು ಕೆಟ್ಟಾಗ ಸರಿಪಡಿಸುವುದಕ್ಕೆ ಪ್ರತ್ಯೇಕ ವ್ಯವಸ್ಥೆಯೂ ಇತ್ತು. ಅಂದರೆ ಯಂತ್ರದ ಹಿಂದೆ ಜನರಿದ್ದರು. ಹದಿನೈದು ವರ್ಷಗಳ ತರುವಾಯ ನಮ್ಮ ಶಾಲೆಗೆ ಯಂತ್ರ ಬಂದಿತು, ಜನ ಬರಲಿಲ್ಲ. ಉಪಗ್ರಹವಿಲ್ಲದೆಯೇ ಕಾಣುವ ಹೆಚ್ಚು ಒಳ್ಳೆಯ ಯಂತ್ರ ಬೀಗದೊಳಗೆ ಉಳಿಯಿತು. ಶಾಲಾ ತಂತ್ರಜ್ಞಾನದ ಚರಿತ್ರೆಯನ್ನೆಲ್ಲ ಈ ಎರಡು ಚಿತ್ರಗಳ ನಡುವೆ ಇಟ್ಟು ನೋಡಬಹುದೆಂದು ನನಗನ್ನಿಸುತ್ತದೆ.

ಯಂತ್ರವು ಶಾಲೆಯನ್ನು ಬದಲಿಸಿಬಿಡುತ್ತದೆ ಎಂಬ ನಿರೀಕ್ಷೆ ಹೊಸದಲ್ಲ. 1913ರಷ್ಟು ಹಿಂದೆಯೇ ಥಾಮಸ್ ಆಲ್ವಾ ಎಡಿಸನ್ ಅವರು ಚಲನಚಿತ್ರ ಬಂದಿರುವುದರಿಂದ ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿಯುವುದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಪುಸ್ತಕಗಳ ಕಾಲ ಮುಗಿಯಲಿಲ್ಲ. ನಮ್ಮಲ್ಲಿ 1961ರಲ್ಲಿ ದೆಹಲಿಯ ಪ್ರೌಢಶಾಲೆಗಳಿಗಾಗಿ ದೂರದರ್ಶನ ಪಾಠಗಳು ಆರಂಭವಾದವು. 1984ರಲ್ಲಿ 'ಕ್ಲಾಸ್' ಎಂಬ ಹೆಸರಿನ ಗಣಕ ಸಾಕ್ಷರತಾ ಯೋಜನೆ ಸುಮಾರು 250 ಶಾಲೆಗಳಲ್ಲಿ ಪ್ರಾರಂಭವಾಯಿತು. ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಆ ಶಾಲೆಗಳಿಗೆ ಕೊಡಲಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಒಂದು ಕಡೆ ಶಾಲೆಗಳಿಗೆ ರೇಡಿಯೋ ಮತ್ತು ದೂರದರ್ಶನ ಯಂತ್ರಗಳನ್ನು ಕೊಡುವ ಯೋಜನೆ ಬಂದಿತು. ಇನ್ನೊಂದು ಕಡೆ, 1987ರಲ್ಲಿ, 'ಕಪ್ಪುಹಲಗೆ ಕಾರ್ಯಾಚರಣೆ' ಆರಂಭವಾಯಿತು. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಮತ್ತು ಕಪ್ಪುಹಲಗೆ, ಭೂಪಟ ಮೊದಲಾದ ಸಾಮಗ್ರಿ ಇರಬೇಕೆಂಬುದು ಅದರ ಗುರಿ. ಒಂದೇ ದೇಶ, ಒಂದೇ ದಶಕದಲ್ಲಿ, ಕೆಲವು ಮಕ್ಕಳಿಗೆ ಗಣಕಯಂತ್ರವನ್ನೂ ಬಹಳ ಮಕ್ಕಳಿಗೆ ಕಪ್ಪುಹಲಗೆಯನ್ನೂ ಹೊಂದಿಸಲು ಹೊರಟಿತ್ತು. ಯಾವುದು ಮೊದಲು ಎಂಬ ವಾದ ಅಂದೇ ಹುಟ್ಟಿತು, ಇನ್ನೂ ಮುಗಿದಿಲ್ಲ.

ಈ ವಿಷಯದಲ್ಲಿ ಸ್ಥೂಲವಾಗಿ ಮೂರು ಅಭಿಪ್ರಾಯಗಳನ್ನು ಕಾಣಬಹುದು.

ಮೊದಲನೆಯ ಅಭಿಪ್ರಾಯದವರು ಯಂತ್ರದಲ್ಲಿ ಪೂರ್ಣ ವಿಶ್ವಾಸವಿಟ್ಟವರು. ಒಳ್ಳೆಯ ಶಿಕ್ಷಕರು ಎಲ್ಲೆಡೆ ದೊರೆಯುವುದಿಲ್ಲ, ಯಂತ್ರ ದಣಿಯುವುದಿಲ್ಲ, ಸಿಡುಕುವುದಿಲ್ಲ, ಜಾತಿ ಅಂತಸ್ತು ನೋಡುವುದಿಲ್ಲ ಎಂಬುದು ಇವರ ವಾದ. 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯೊಂದನ್ನು ಕೊರೆದು ಗಣಕಯಂತ್ರವನ್ನು ಕೂರಿಸಿ, ಪಕ್ಕದ ಕೊಳೆಗೇರಿಯ ಮಕ್ಕಳಿಗೆ ತೆರೆದಿಟ್ಟಾಗ, ಯಾರೂ ಕಲಿಸದೆಯೇ ಮಕ್ಕಳು ಅದನ್ನು ಬಳಸಲು ಕಲಿತರು. ಇದು ಜಗತ್ತಿನ ಗಮನ ಸೆಳೆದ ಪ್ರಯೋಗ. ಆದರೆ ಯಂತ್ರವನ್ನು ಬಳಸಲು ಕಲಿಯುವುದು ಬೇರೆ, ಯಂತ್ರದಿಂದ ಗಣಿತವನ್ನೋ ಭಾಷೆಯನ್ನೋ ಕ್ರಮವಾಗಿ ಕಲಿಯುವುದು ಬೇರೆ ಎಂಬ ಆಕ್ಷೇಪವನ್ನು ಶಿಕ್ಷಣತಜ್ಞರು ಎತ್ತಿದರು. ಆ ಆಕ್ಷೇಪದಲ್ಲಿ ಹುರುಳಿದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಬಡ ಗ್ರಾಮಗಳ ಮಕ್ಕಳಿಗೆ ತಲೆಗೊಂದು ಸಣ್ಣ ಗಣಕಯಂತ್ರ ಹಂಚಿದರು. 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕಗಳು ಹೆಚ್ಚಿದ ಕುರುಹು ಕಾಣಲಿಲ್ಲ.

ಎರಡನೆಯ ಅಭಿಪ್ರಾಯದವರು ಯಂತ್ರವನ್ನು ಶಾಲೆಯ ಹೊರಗೇ ನಿಲ್ಲಿಸಬೇಕೆನ್ನುವವರು. ಮಗುವಿನ ಗಮನ ಚದುರುತ್ತದೆ, ಕಣ್ಣು ದಣಿಯುತ್ತದೆ, ಬರೆಯುವ ಕೈ ಮರೆಯುತ್ತದೆ, ಶಿಕ್ಷಕರ ಸಂಬಂಧ ಕಡಿಯುತ್ತದೆ ಎಂದು ಇವರು ಹೇಳುತ್ತಾರೆ. ಇವರ ಕಡೆಗೂ ಆಧಾರಗಳಿವೆ. ಶಾಲೆಗಳಲ್ಲಿ ಗಣಕಯಂತ್ರಗಳಿಗೆ ಹೆಚ್ಚು ಹಣ ಹೂಡಿದ ದೇಶಗಳ ಮಕ್ಕಳು ಓದು, ಗಣಿತ, ವಿಜ್ಞಾನಗಳಲ್ಲಿ ಹೇಳಿಕೊಳ್ಳುವಂಥ ಪ್ರಗತಿ ತೋರಿಲ್ಲವೆಂದು ಒ.ಇ.ಸಿ.ಡಿ. ಸಂಸ್ಥೆ 2015ರಲ್ಲಿ ವರದಿ ಮಾಡಿತು. ಯುನೆಸ್ಕೋ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿ ತಂತ್ರಜ್ಞಾನವನ್ನೇ ವಿಷಯವಾಗಿ ತೆಗೆದುಕೊಂಡು, ಅದು ಯಾರ ಷರತ್ತಿನ ಮೇಲೆ ಶಾಲೆಗೆ ಬರಬೇಕೆಂಬ ಪ್ರಶ್ನೆಯನ್ನು ಮುಂದಿಟ್ಟಿತು. ಬಹಳ ಮುಂದುವರಿದ ಸ್ವೀಡನ್ ದೇಶವೇ 2023ರಲ್ಲಿ ಮಕ್ಕಳ ಕೈಗೆ ಮತ್ತೆ ಅಚ್ಚಾದ ಪುಸ್ತಕಗಳನ್ನು ಕೊಡಲು ಹಣ ತೆಗೆದಿರಿಸಿತು.

ಹಾಗಾದರೆ ಎರಡನೆಯವರೇ ಸರಿಯೇ? ಇಲ್ಲಿಯೇ ನಮ್ಮ ದೇಶದಲ್ಲಿ ನಡೆದ ಕೆಲವು ಅಧ್ಯಯನಗಳು ನೆರವಿಗೆ ಬರುತ್ತವೆ. ಅವು ಮೂರನೆಯ ಅಭಿಪ್ರಾಯದ ಕಡೆಗೆ ನಮ್ಮನ್ನು ಒಯ್ಯುತ್ತವೆ.

ವಡೋದರಾ ನಗರದ ಪುರಸಭಾ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಕಯಂತ್ರದಲ್ಲಿ ಗಣಿತದ ಆಟಗಳನ್ನು ಆಡಿಸಿತು. ಒಂದು ಯಂತ್ರದ ಮುಂದೆ ಇಬ್ಬರು ಮಕ್ಕಳು. ಮಗು ಎಲ್ಲಿದೆಯೋ ಅಲ್ಲಿಂದಲೇ ಲೆಕ್ಕ ಆರಂಭವಾಗುತ್ತಿತ್ತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಣಿತದಲ್ಲಿ ಗಣನೀಯ ಸುಧಾರಣೆಯಾಗಿತ್ತು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾದ ಮೇಲೆ ಆ ಲಾಭದ ಬಹುಭಾಗ ಕರಗಿತ್ತು. ಗುಜರಾತಿನಲ್ಲಿಯೇ ನಡೆದ ಇನ್ನೊಂದು ಅಧ್ಯಯನ 2008ರಲ್ಲಿ ಹೊರಬಂದಿತು. ಶಿಕ್ಷಕರ ಪಾಠದ ಸಮಯವನ್ನು ತೆಗೆದು ಅದೇ ಸಮಯದಲ್ಲಿ ಯಂತ್ರದ ಮುಂದೆ ಕೂರಿಸಿದ ಮಕ್ಕಳು ಕಡಿಮೆ ಕಲಿತರು. ಶಾಲೆ ಮುಗಿದ ಮೇಲೆ, ಪಾಠಕ್ಕೆ ಪೂರಕವಾಗಿ, ಯಂತ್ರವನ್ನು ಬಳಸಿದ ಮಕ್ಕಳು ಹೆಚ್ಚು ಕಲಿತರು. ಯಂತ್ರವೂ ಒಂದೇ, ಪಾಠವೂ ಒಂದೇ. ಶಿಕ್ಷಕರ ಸ್ಥಾನದಲ್ಲಿ ಅದನ್ನು ಇಟ್ಟಾಗ ನಷ್ಟವಾಯಿತು. ಶಿಕ್ಷಕರ ಜೊತೆಯಲ್ಲಿ ಇಟ್ಟಾಗ ಲಾಭವಾಯಿತು.

ದೆಹಲಿಯಲ್ಲಿ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ಶಾಲೆಯ ಅವಧಿಯ ಹೊರಗೆ ನಡೆಸಿದ ಮತ್ತೊಂದು ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ತೊಂಬತ್ತು ನಿಮಿಷ. ಅದರಲ್ಲಿ ಅರ್ಧ ಯಂತ್ರದೊಡನೆ, ಅರ್ಧ ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರೊಡನೆ. ಆರನೆಯ ತರಗತಿಗೆ ಬಂದ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದುಳಿದಿದ್ದರು. ಪಠ್ಯಪುಸ್ತಕ ಆರನೆಯದು, ಮಗುವಿನ ಅರಿವು ಮೂರನೆಯದು ಅಥವಾ ನಾಲ್ಕನೆಯದು. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಂದು ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಂಡು ಅಲ್ಲಿಂದ ಕರೆದೊಯ್ಯುವುದು ಒಬ್ಬ ಶಿಕ್ಷಕರ ಕೈಯಲ್ಲಿ ಆಗುವ ಕೆಲಸವಲ್ಲ. ಈ ಒಂದು ಕೆಲಸವನ್ನು ಯಂತ್ರ ಚೆನ್ನಾಗಿ ಮಾಡಿತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಮಕ್ಕಳು ಸ್ಪಷ್ಟವಾಗಿ ಮುಂದೆ ಬಂದರು.

ಈ ಮೂರು ಪ್ರಯೋಗಗಳಲ್ಲಿಯೂ ಮಕ್ಕಳು ಕಲಿತದ್ದು ತಮ್ಮ ಮನೆಮಾತಿಗೆ ಹತ್ತಿರವಾದ ಭಾಷೆಯಲ್ಲಿ, ಗುಜರಾತಿಯಲ್ಲಿ ಮತ್ತು ಹಿಂದಿಯಲ್ಲಿ, ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ. ಗಣಕಯಂತ್ರ ಎಂದರೆ ಇಂಗ್ಲಿಷ್, ಇಂಗ್ಲಿಷ್ ಎಂದರೆ ಗಣಕಯಂತ್ರ ಎಂಬ ಸಮೀಕರಣ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಹೊರನಾಡಿನಲ್ಲಿ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಕ್ಷೀಣಿಸುತ್ತಿರುವುದಕ್ಕೆ ಇರುವ ಅನೇಕ ಕಾರಣಗಳಲ್ಲಿ ಈ ಸಮೀಕರಣವೂ ಒಂದು. ಆದರೆ ಅದು ಯಂತ್ರದ ಸ್ವಭಾವದಿಂದ ಬಂದದ್ದಲ್ಲ. ಯಂತ್ರಕ್ಕೆ ಎಲ್ಲ ಲಿಪಿಗಳೂ ಸಂಖ್ಯೆಗಳೇ. 1991ರಲ್ಲಿ ಯುನಿಕೋಡ್ ಎಂಬ ಜಾಗತಿಕ ಲಿಪಿಸಂಕೇತ ವ್ಯವಸ್ಥೆ ಮೊದಲ ಬಾರಿಗೆ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ನಾವು ಇಂದು ನುಡಿ ತಂತ್ರಾಂಶದಲ್ಲಿ ಬಳಸುವ ಕೀಲಿಮಣೆಯ ವಿನ್ಯಾಸಕ್ಕೆ ಮೂಲವಾದ ಚಿಂತನೆ ಕೆ.ಪಿ. ರಾವ್ ಅವರದು. ಅವರು ಮುಂಬಯಿಯಲ್ಲಿ ದೀರ್ಘಕಾಲ ಕಾರ್ಯನಿರ್ವಹಿಸಿದವರು. ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ಶ್ರಮದಲ್ಲಿ ಹೊರನಾಡ ಕನ್ನಡಿಗರ ಬೆವರೂ ಇದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಕರ್ನಾಟಕದ ಗಡಿಯಾಚೆಯೇ ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಕೇರಳ ರಾಜ್ಯ 2001ರಲ್ಲಿ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. ಮುಂದೆ ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶಗಳನ್ನು ಅಳವಡಿಸಿಕೊಂಡಿತು. ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು ಇತರ ಶಿಕ್ಷಕರಿಗೆ ಕಲಿಸುವಂತೆ ಮಾಡಿತು. 2018ರಿಂದ ಎಂಟರಿಂದ ಹನ್ನೆರಡರವರೆಗಿನ 45 ಸಾವಿರ ತರಗತಿ ಕೊಠಡಿಗಳಿಗೆ ಉಪಕರಣಗಳನ್ನು ಒದಗಿಸಿತು. ಅಲ್ಲಿಯ ಮಾಹಿತಿ ತಂತ್ರಜ್ಞಾನ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳಲ್ಲದೆ ಕನ್ನಡದಲ್ಲಿಯೂ ಇವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಗಣಕಯಂತ್ರದ ಪಾಠವನ್ನು ಕನ್ನಡದಲ್ಲಿ ಓದಬಲ್ಲದು. ಮಹಾರಾಷ್ಟ್ರದಲ್ಲಿ ಬಾಲಭಾರತಿ ಸಂಸ್ಥೆ ಕನ್ನಡ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ, ಅವುಗಳ ಗಣಕ ಪ್ರತಿಗಳನ್ನೂ ಒದಗಿಸುತ್ತದೆ. 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯಲ್ಲಿ ಕನ್ನಡ ಪಾಠಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆ ಬೋಧನಾ ಮಾಧ್ಯಮವಾಗಿರಬೇಕೆಂದು ಹೇಳುತ್ತದೆ, ಅದೇ ನೀತಿ ಆರನೆಯ ತರಗತಿಯಿಂದ ಗಣಕ ಸಂಕೇತ ರಚನೆಯನ್ನೂ ಹೇಳುತ್ತದೆ. ಎರಡಕ್ಕೂ ವಿರೋಧವಿಲ್ಲ.

ಆದರೆ ಕನ್ನಡದಲ್ಲಿ ಕೊಟ್ಟ ಮಾತ್ರಕ್ಕೆ ಮಗುವಿಗೆ ತಲಪುತ್ತದೆಯೆಂದು ಭ್ರಮಿಸಬಾರದು. ಈ ವಿಷಯದಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಶಾಲೆಗಳಿಗೆಂದು ಸಿದ್ಧವಾದ ಗಣಕಯಂತ್ರದ ಕೈಪಿಡಿಯೊಂದನ್ನು ನಾನು ಕನ್ನಡಕ್ಕೆ ಅನುವಾದಿಸಿದೆ. ಎಂ.ಎ. ಓದಿದ ಹುಮ್ಮಸ್ಸಿನಲ್ಲಿ ಮೌಸ್ ಎಂಬುದನ್ನು 'ಮೂಷಕ' ಎಂದೂ ಕ್ಲಿಕ್ ಮಾಡುವುದನ್ನು 'ಗುಂಡಿಯ ಅದುಮಿಕೆ' ಎಂದೂ ಬರೆದಿದ್ದೆ. ಮುಂದೊಮ್ಮೆ ಬೇರೆ ಕೆಲಸದ ಮೇಲೆ ಹೊರರಾಜ್ಯದ ಕನ್ನಡ ಶಾಲೆಯೊಂದಕ್ಕೆ ಹೋದಾಗ, ಅಲ್ಲಿಯ ಶಿಕ್ಷಕಿಯವರ ಮೇಜಿನ ಮೇಲೆ ಆ ಕೈಪಿಡಿ ಕಂಡು ಸಂತೋಷವಾಯಿತು. ಅನುವಾದಕ ನಾನೆಂದು ಅವರಿಗೆ ತಿಳಿಯದು. "ಇದರಿಂದ ಅನುಕೂಲವಾಯಿತೇ?" ಎಂದು ಕೇಳಿದೆ. ಅವರು ನಕ್ಕು, "ಸರ್, ಮೂಷಕ ಎಂದರೆ ನಮ್ಮ ಮಕ್ಕಳು ಗಣಪತಿ ಎಲ್ಲಿ ಎಂದು ಕೇಳುತ್ತಾರೆ. ನಾನು ಇಂಗ್ಲಿಷ್ ಕೈಪಿಡಿ ಓದಿಕೊಂಡು ನನ್ನ ಕನ್ನಡದಲ್ಲಿ ಹೇಳಿಕೊಡುತ್ತೇನೆ" ಎಂದರು. ಅವರ ಕನ್ನಡದಲ್ಲಿ ಮೌಸ್ ಮೌಸೇ ಆಗಿತ್ತು, ಕಂಪ್ಯೂಟರ್ ಕಂಪ್ಯೂಟರೇ ಆಗಿತ್ತು. ಆದರೆ ಯಂತ್ರ ಏಕೆ ಹಾಗೆ ಕೆಲಸ ಮಾಡುತ್ತದೆಂಬ ವಿವರಣೆ ಅಚ್ಚ ಕನ್ನಡದ್ದಾಗಿತ್ತು. ಮಾತೃಭಾಷೆಯಲ್ಲಿ ಕಲಿಸುವುದೆಂದರೆ ಏನೆಂಬುದನ್ನು ನಾನು ಆ ಶಿಕ್ಷಕಿಯಿಂದ ಕಲಿತೆ. ವಸ್ತುವಿನ ಹೆಸರು ಯಾವ ಭಾಷೆಯದಾದರೂ ಆಗಲಿ, ವಿವರಿಸುವ ವಾಕ್ಯ ಮಗುವಿನದಾಗಿರಬೇಕು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ಕಾರಣದಿಂದ ದೇಶದ ಶಾಲೆಗಳೆಲ್ಲ ಮುಚ್ಚಿದವು. ಅಲ್ಲಿಯವರೆಗೆ ವಾದದ ವಿಷಯವಾಗಿದ್ದುದು ಒಂದೇ ಸಲಕ್ಕೆ ಎಲ್ಲರ ಮನೆಯ ಅನುಭವವಾಯಿತು. ಎರಡು ಮಕ್ಕಳಿರುವ ಮನೆಯಲ್ಲಿ ಒಂದು ದೂರವಾಣಿ. ತಂದೆ ಕೆಲಸಕ್ಕೆ ಹೋದರೆ ಅದೂ ಅವರ ಜೇಬಿನಲ್ಲಿ ಹೋಗುತ್ತಿತ್ತು. ಕರ್ನಾಟಕದಲ್ಲಿ 'ಸಂವೇದ' ಎಂಬ ಹೆಸರಿನಲ್ಲಿ ಚಂದನ ವಾಹಿನಿಯ ಮೂಲಕ ಪಾಠಗಳು ಪ್ರಸಾರವಾದವು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಜಗಲಿಯಲ್ಲಿ, ಗುಡಿಯ ಪ್ರಾಂಗಣದಲ್ಲಿ, ಮರದಡಿಯಲ್ಲಿ ಕಲಿಸುವ 'ವಿದ್ಯಾಗಮ' ಕಾರ್ಯಕ್ರಮವೂ ಕೆಲವು ಕಾಲ ನಡೆಯಿತು. ಯಂತ್ರವಿಲ್ಲದಿದ್ದರೆ ಆ ಕಾಲದಲ್ಲಿ ಪಾಠವೇ ಇರುತ್ತಿರಲಿಲ್ಲ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಯಂತ್ರವೊಂದೇ ಸಾಲದು ಎಂಬುದೂ ಆಗಲೇ ತಿಳಿಯಿತು. ಶಾಲೆ ತೆರೆದ ದಿನ ಮಕ್ಕಳು ಓಡಿದ್ದು ಗೆಳೆಯರ ಕಡೆಗೆ ಮತ್ತು ಶಿಕ್ಷಕರ ಕಡೆಗೆ.

ಇಂದಿನ ಸ್ಥಿತಿ ಬಹಳ ಬದಲಾಗಿದೆ. ಶಿಕ್ಷಣ ಸಚಿವಾಲಯದ ಅಂಕಿಅಂಶಗಳ ಪ್ರಕಾರ 2023-24ರಲ್ಲಿ ದೇಶದ ಶೇಕಡಾ 57ರಷ್ಟು ಶಾಲೆಗಳಲ್ಲಿ ಕೆಲಸ ಮಾಡುವ ಗಣಕಯಂತ್ರಗಳಿದ್ದವು, ಶೇಕಡಾ 54ರಷ್ಟು ಶಾಲೆಗಳಲ್ಲಿ ಅಂತರಜಾಲ ಸಂಪರ್ಕವಿತ್ತು. ಮನೆಗಳು ಶಾಲೆಗಳನ್ನು ಹಿಂದಿಕ್ಕಿವೆ. ಗ್ರಾಮೀಣ ಭಾರತವನ್ನು ಕುರಿತ 2024ರ 'ಅಸರ್' ಸಮೀಕ್ಷೆಯಲ್ಲಿ 14ರಿಂದ 16 ವರ್ಷದ ಮಕ್ಕಳ ಪೈಕಿ ಶೇಕಡಾ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗಾಗಿ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇಕಡಾ 76. ಆದ್ದರಿಂದ ಯಂತ್ರ ಬೇಕೇ ಬೇಡವೇ ಎಂಬ ಪ್ರಶ್ನೆಯ ಕಾಲ ಕಳೆದಿದೆ. ಅದು ಮಗುವಿನ ಕೈಗೆ ಬಂದಾಗಿದೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ಕಲಿಸುವವರು ಯಾರು ಎಂಬುದೇ ಈಗಿನ ಪ್ರಶ್ನೆ.

ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ವಿಷಯವಾಗಿಯೂ ಎರಡು ಮಾತು ಹೇಳದಿದ್ದರೆ ನನ್ನ ಉಪನ್ಯಾಸ ಅಪೂರ್ಣವಾದೀತು. 2022ರ ಕೊನೆಯಿಂದೀಚೆಗೆ, ಕೇಳಿದ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದುಕೊಡುವ ಯಂತ್ರಗಳು ಸರ್ವರ ಕೈಗೂ ಸಿಕ್ಕಿವೆ. ಮಕ್ಕಳು ಪ್ರಬಂಧವನ್ನು ಅದರಿಂದ ಬರೆಸಿಕೊಂಡು ಬರುತ್ತಾರೆಂದು ಶಿಕ್ಷಕರು ನೊಂದುಕೊಳ್ಳುತ್ತಾರೆ. ನನ್ನ ವೃತ್ತಿಯನ್ನೂ ಅದು ತಟ್ಟಿದೆ. ಈಗ ಅನೇಕ ಸಲ ಯಂತ್ರವೇ ಮೊದಲ ಕನ್ನಡ ಕರಡನ್ನು ಸಿದ್ಧಪಡಿಸುತ್ತದೆ, ನಾನು ತಿದ್ದುತ್ತೇನೆ. ಒಮ್ಮೆ ಶಾಲೆಗಳಲ್ಲಿ ವಿದ್ಯುತ್ ಇಲ್ಲವೆಂಬ ಇಂಗ್ಲಿಷ್ ವಾಕ್ಯವನ್ನು ಯಂತ್ರ 'ಶಾಲೆಗಳಿಗೆ ಅಧಿಕಾರವಿಲ್ಲ' ಎಂದು ಅನುವಾದಿಸಿಕೊಟ್ಟಿತು. ವಾಕ್ಯ ವ್ಯಾಕರಣಬದ್ಧವಾಗಿತ್ತು, ಓದಲು ಹಿತವಾಗಿತ್ತು, ಅರ್ಥ ಮಾತ್ರ ತಪ್ಪಾಗಿತ್ತು. ನನಗೆ ಎರಡೂ ಭಾಷೆ ಬರುತ್ತಿದ್ದುದರಿಂದ ತಪ್ಪು ಕಂಡಿತು. ಬಾರದಿದ್ದವರಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು. ಮಗುವಿನ ವಿಷಯದಲ್ಲಿ ನನಗಿರುವ ಆತಂಕ ಇದೇ. ಕಲಿತವನ ಕೈಯಲ್ಲಿ ಈ ಯಂತ್ರ ಸಮಯ ಉಳಿಸುತ್ತದೆ. ಇನ್ನೂ ಕಲಿಯಬೇಕಾದವನ ಕೈಯಲ್ಲಿ ಅದು ಕಲಿಕೆಯನ್ನೇ ಉಳಿಸಿಬಿಡಬಹುದು. ತಪ್ಪನ್ನು ಗುರುತಿಸುವ ಶಕ್ತಿ ಬರುವವರೆಗೆ ಮಗು ತಾನೇ ಓದಬೇಕು, ತಾನೇ ಬರೆಯಬೇಕು, ತಾನೇ ತಪ್ಪಬೇಕು.

ಆ ತಪ್ಪು ವಾಕ್ಯವನ್ನು ತಿದ್ದಿ ಕಳುಹಿಸಿದ ಮೇಲೂ ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ನನ್ನ ಬಾಲ್ಯದ ಶಾಲೆಯಲ್ಲಿ ವಿದ್ಯುತ್ ಇತ್ತು, ಯಂತ್ರವೂ ಇತ್ತು. ಅದನ್ನು ತೆರೆಯುವ ಅಧಿಕಾರ ಮಾಸ್ತರರಿಗೆ ಇರಲಿಲ್ಲ. ಕೆಡಿಸಿದರೂ ಚಿಂತೆಯಿಲ್ಲ, ಬಳಸಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಪಾಲಕರಿಗೆ ನನ್ನ ವಿನಂತಿ. ಶಾಲೆಗೆ ಹೋದಾಗ ಎಷ್ಟು ಗಣಕಯಂತ್ರಗಳಿವೆ ಎಂದು ಎಣಿಸಬೇಡಿ. ಬದಲಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಮೊದಲನೆಯದಾಗಿ, ವಾರದಲ್ಲಿ ಎಷ್ಟು ಹೊತ್ತು ನನ್ನ ಮಗುವಿನ ಕೈ ಯಂತ್ರದ ಮೇಲಿರುತ್ತದೆ, ಎಷ್ಟು ಹೊತ್ತು ಅದು ಬರಿದೆ ನೋಡುತ್ತ ಕೂತಿರುತ್ತದೆ? ಎರಡನೆಯದಾಗಿ, ಯಾವ ಪಾಠಕ್ಕೆ ಯಂತ್ರ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವವರು ಶಿಕ್ಷಕರೇ ಅಥವಾ ಯಂತ್ರ ಮಾರಿದವರೇ? ಮೂರನೆಯದಾಗಿ, ಮಗುವಿಗೆ ತಿಳಿಯದಿದ್ದಾಗ ಯಾವ ಭಾಷೆಯಲ್ಲಿ, ಯಾರು ವಿವರಿಸುತ್ತಾರೆ? ನಾಲ್ಕನೆಯದಾಗಿ, ಯಂತ್ರ ಕೆಟ್ಟರೆ ಎಷ್ಟು ದಿನದಲ್ಲಿ ಸರಿಹೋಗುತ್ತದೆ, ಅದರ ವೆಚ್ಚಕ್ಕೆ ಹಣ ಎಲ್ಲಿದೆ? ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರವಿದ್ದರೆ ಐದು ಹಳೆಯ ಯಂತ್ರಗಳ ಶಾಲೆಯೂ ಒಳ್ಳೆಯದು. ಉತ್ತರವಿಲ್ಲದಿದ್ದರೆ ಮೂವತ್ತು ಹೊಸ ಯಂತ್ರಗಳೂ ಮರದ ಪೆಟ್ಟಿಗೆಯೊಳಗಿನ ದೂರದರ್ಶನವೇ ಸರಿ.

ಹೊರನಾಡ ಕನ್ನಡ ಸಂಘಗಳಿಗೂ ಒಂದು ಮಾತು. ನಮ್ಮ ಸಂಘಗಳು ರಾಜ್ಯೋತ್ಸವವನ್ನು ವೈಭವದಿಂದ ಆಚರಿಸುತ್ತವೆ. ಶಾಲೆಗೆ ಯಂತ್ರ ದಾನ ಮಾಡಿ ಭಾವಚಿತ್ರ ತೆಗೆಸಿಕೊಳ್ಳುವುದೂ ಉಂಟು. ಆ ಯಂತ್ರವನ್ನು ಮೂರು ವರ್ಷ ಸುಸ್ಥಿತಿಯಲ್ಲಿಡುವ ಖರ್ಚನ್ನೂ ವಹಿಸಿಕೊಂಡರೆ ಆ ದಾನ ಸಾರ್ಥಕವಾದೀತು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಗಣಕೋದ್ಯಮದಲ್ಲಿರುವ ಕನ್ನಡದ ತರುಣ ತರುಣಿಯರು ಸಾವಿರಾರು ಮಂದಿ. ಅವರಲ್ಲಿ ಒಬ್ಬರು ವಾರಕ್ಕೆ ಒಂದು ಶನಿವಾರ ಕನ್ನಡ ಶಾಲೆಯ ಶಿಕ್ಷಕರೊಡನೆ ಕೂತು, ಕನ್ನಡದಲ್ಲಿ ಮಾತನಾಡಿ, ಅವರ ಅಂಜಿಕೆಯನ್ನು ಬಿಡಿಸಿದರೆ ಸಾಕು. ನಮ್ಮ ಹಳ್ಳಿಯ ಮಾಸ್ತರರಿಗೆ ಅಂಥವರೊಬ್ಬರು ಸಿಕ್ಕಿದ್ದರೆ ಆ ಬೀಗ ತೆರೆಯುತ್ತಿತ್ತು.

ಕೊನೆಗೆ ಮತ್ತೆ ನನ್ನ ತಂಗಿಯ ಮಗಳ ವಿಷಯಕ್ಕೆ ಬರುತ್ತೇನೆ. ಅವಳು ಐದನೆಯ ತರಗತಿಯಲ್ಲಿದ್ದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ಹೃದಯ ಹೇಗೆ ಬಡಿಯುತ್ತದೆಂಬುದನ್ನು ಅವಳು ಕೈಮುಷ್ಟಿಯನ್ನು ಬಿಗಿದು ಸಡಿಲಿಸಿ ಅಷ್ಟು ಚೆನ್ನಾಗಿ ವಿವರಿಸಿದಳು. ತರಗತಿಯ ಪರದೆಯ ಮೇಲೆ ಚಲಿಸುವ ಚಿತ್ರದಲ್ಲಿ ನೋಡಿದ್ದಳಂತೆ. ಆ ವಯಸ್ಸಿನಲ್ಲಿ ನನಗೆ ಅದು ತಿಳಿದಿರಲಿಲ್ಲ. ಊಟದ ಹೊತ್ತಿಗೆ, "ಐದು ಚಪಾತಿ ಇವೆ, ನಾವು ನಾಲ್ಕು ಜನ. ಒಬ್ಬೊಬ್ಬರಿಗೆ ಎಷ್ಟು?" ಎಂದು ಕೇಳಿದೆ. ಅವಳು ತಬ್ಬಿಬ್ಬಾಗಿ, "ಮಾಮಾ, ಬೋರ್ಡಿನ ಮೇಲೆ ಅದು ತಾನೇ ಕತ್ತರಿಸಿ ತೋರಿಸುತ್ತದೆ" ಎಂದಳು. ಐದನೆಯ ಚಪಾತಿಯನ್ನು ಅವಳ ಕೈಗೆ ಕೊಟ್ಟೆ. ಅವಳೇ ಅದನ್ನು ಮಡಿಸಿ, ಮತ್ತೆ ಮಡಿಸಿ, ಹರಿದು, ನಾಲ್ಕು ತಟ್ಟೆಗಳಿಗೆ ಹಂಚಿ, ಒಂದೂ ಕಾಲು ಎಂದಳು. ಆಗ ನನ್ನ ತಂಗಿ ನನ್ನನ್ನು ನೋಡಿದಳು, ನಾನು ಏನೂ ಹೇಳಲಿಲ್ಲ.

ಹೃದಯದ ಬಡಿತವನ್ನು ತೋರಿಸುವುದಕ್ಕೆ ಯಂತ್ರ ಬೇಕು. ಚಪಾತಿಯನ್ನು ಹಂಚುವುದಕ್ಕೆ ಮಗುವಿನ ಕೈಯೇ ಬೇಕು. ಯಾವುದಕ್ಕೆ ಯಾವುದು ಎಂದು ಬಲ್ಲವರು ಶಿಕ್ಷಕರು. ಅಂಥ ಶಿಕ್ಷಕರಿರುವ ಶಾಲೆ ಕನ್ನಡದ್ದಾಗಿದ್ದರೆ ಅದನ್ನು ಕೇವಲ ಯಂತ್ರಗಳ ಲೆಕ್ಕ ನೋಡಿ ತೊರೆಯಬೇಡಿರಿ ಎಂಬುದೇ ನನ್ನ ತಂಗಿಗೂ ತಮಗೂ ನಾನು ಕೊಡಬಹುದಾದ ಉತ್ತರ.